ಒಂದು ಮೊರ ತೌಡಿನ ಹೆಸರು

ಹೆಸರಿನ ವಿಷಯದಲ್ಲಿ ನನ್ನ ಅಕ್ಕನಿಗಿದ್ದ ಜಂಬ ಅರಮನೆಯವರಿಗೂ ಇರಲಿಲ್ಲ. ಅವಳ ಹೆಸರು ತಿಪ್ಪಮ್ಮ!

ಅವಳಿಗಿಂತ ಮುಂಚೆ ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಅದಕ್ಕೇ ಅವ್ವ ಇವಳನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡ ಪಕ್ಕದ ಮನೆಯವಳಿಗೆ ಒಂದು ಮೊರ ತೌಡು ಕೊಟ್ಟು ವಾಪಸು ಕೊಂಡಳು. ಕಸವೆಂದುಕೊಂಡು ಸಾವು ಮುಟ್ಟದಿರಲಿ ಎಂದು ಆ ಹೆಸರು. ಅಕ್ಕ ಉಳಿದಳು. ಧೈರ್ಯ ಬಂದ ಮೇಲೆ ಹುಟ್ಟಿದ ನನಗೆ ರಾಜಶೇಖರ ಎಂದಿಟ್ಟರು. ಓದಿದ್ದು ಮಾತ್ರ ನಾಲ್ಕನೇ ಕ್ಲಾಸು.

ಅಶೋಕಪುರಂ ರೇಷನ್ ಅಂಗಡಿಯಲ್ಲಿ ಅವಳ ಹೆಸರು ಕೂಗಿದರೆ ಸಾಲಿಗೆ ಸಾಲೇ ನಗುತ್ತಿತ್ತು. ಅವಳು ಮದುವಣಗಿತ್ತಿಯ ಠೀವಿಯಲ್ಲಿ ಹೋಗಿ ಸಕ್ಕರೆ ತರುತ್ತಿದ್ದಳು. ಲಲಿತಾ ಅಂತ ಬದಲಾಯಿಸಿಕೊಳ್ಳಬಾರದೇ ಎಂದು ಯಾರೋ ಕೇಳಿದ್ದಕ್ಕೆ, "ಲಲಿತಾ ಆಗಿದ್ರೆ ಅವತ್ತೇ ಸತ್ತೋಗಿರ್ತಿದ್ದೆ ಕಣಮ್ಮ" ಎಂದಳಂತೆ.

ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೋಗಿ, ದೃಷ್ಟಿಯಾಗದಿರಲೆಂದು, ಥೇಟು ಹೆಗ್ಗಣದ ಮರಿ ಎಂದು ಹೇಳಿ ಬರುವಳು! ಬಾಣಂತಿಯರು ಅಳುತ್ತಿದ್ದರು. ಮಗುವಿಗೆ ಜ್ವರ ಬಂದರೆ ಅವರೇ, ಒಂದು ಸಲ ಬಂದು ಬೈದು ಹೋಗಿ ಎಂದು ಹೇಳಿಕಳಿಸುತ್ತಿದ್ದರು.

ನನ್ನ ಮೊದಲ ಮಗುವೂ ನಿಲ್ಲಲಿಲ್ಲ. ಎರಡನೆಯದು ಹುಟ್ಟಿದಾಗ ಅಕ್ಕ ತೌಡು ಕೇರತೊಡಗಿದಳು. ನಾಮಕರಣದಲ್ಲಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆಯೇ. ಆದರೆ ನಾನು ಚಾಮರಾಜಪುರಂನ ಜವಳಿ ಅಂಗಡಿಯಲ್ಲಿ ಸೀರೆ ಮಡಿಸುವವನು. ಅಂಗಡಿಯ ಯಜಮಾನರೇ ಬರುವವರಿದ್ದರು. ಅವರೆದುರು ಮಗಳನ್ನು ತಿಪ್ಪಿ ಅನ್ನಿಸುವುದೇ? ಅಕ್ಕನಿಗೆ ಭಾನುವಾರವೆಂದು ಹೇಳಿ, ಶುಕ್ರವಾರವೇ ಮುಗಿಸಿಬಿಟ್ಟೆ. ಸ್ವರ್ಣಲತಾ!

ಭಾನುವಾರ ಅಕ್ಕ ಮೊರ ಹಿಡಿದು ಬಂದಳು. ಬಾಡಿದ ತೋರಣ ನೋಡಿದಳು.

"ಇಟ್ಬುಟ್ರಾ? ಏನಂತ?"

ಹೇಳಿದೆ.

"ಚೆನ್ನಾಗದೆ ಕಣೋ."

ತೌಡನ್ನು ಪಕ್ಕದ ಮನೆಯ ಹಸುವಿಗೆ ಸುರಿದು ಹೊರಟುಹೋದಳು. ಮಗುವನ್ನು ಬೈಯಲಿಲ್ಲ. ನನಗೆ ಭಯವಾದದ್ದು ಆಗಲೇ.

ವರ್ಷ ತುಂಬುವ ಮೊದಲೇ ಸ್ವರ್ಣಲತಾ ಹೋದಳು. ಮಣ್ಣು ಮಾಡಿ ಬಂದು ಜಗಲಿಯಲ್ಲಿ ಕೂತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಬೈಯಲಿ, ನನ್ನನ್ನಾದರೂ ಬೈಯಲಿ ಎಂದು ಕಾದೆ.

"ನಿನ್ ತಪ್ಪೇನಿಲ್ಲ ಕಣೋ" ಎಂದಳು. "ನೀ ಅಂಗಡಿಗೋದಾಗ ಬಂದು ಅದರ ಕಿವೀಲಿ ತಿಪ್ಪಿ ಅಂತ ಹೇಳ್ಬುಟ್ಟಿದ್ದೆ. ಆ ಹೆಸರಲ್ಲಿ ಏನೂ ಇಲ್ಲ, ಬುಡು."

ಮಗುವನ್ನು ಒಂದು ಗಳಿಗೆಯೂ ಬಿಟ್ಟಿರದ ನನ್ನ ಹೆಂಡತಿಯನ್ನು ಆಮೇಲೆ ಕೇಳಿದೆ. ಆ ಭಾನುವಾರದ ಮೇಲೆ ಅಕ್ಕ ನಮ್ಮ ಹೊಸಿಲು ತುಳಿದೇ ಇರಲಿಲ್ಲವಂತೆ.