ಏಳು ಮಾರಿನ ಬಾಲ

ಹೋದ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ, ಒಂದು ಜಪಾನಿ ಅನಿಮೇಷನ್ ಚಿತ್ರವನ್ನು ಕಣ್ಣು ಮಿಟುಕಿಸದೆ ನೋಡಿ ಮುಗಿಸುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಪರದೆ ಎಳೆದೆ. ಫೋನನ್ನು ಅಡುಗೆಮನೆಯ ಖಾಲಿ ಡಬ್ಬಿಯಲ್ಲಿ ಬಂಧಿಸಿಟ್ಟೆ. ಟಿಪ್ಪಣಿಗೆ ಹೊಸ ನೋಟ್‌ಬುಕ್, ಎರಡು ಪೆನ್ನು.

"ಕಾರ್ಟೂನ್ ನೋಡೋಕೆ ಎರಡು ಪೆನ್ನಾ?" ಎಂದಳು ಹೆಂಡತಿ.

"ಕಾರ್ಟೂನ್ ಅಲ್ಲ, ಕಲಾಕೃತಿ."

"ಆಗಲೇ ನೋಡಿದ್ದೀರಲ್ಲಾ? ಎರಡು ವರ್ಷದಿಂದ ಅದರ ಮೇಲೆ ಭಾಷಣ ಕೇಳ್ತಾ ಇದ್ದೀನಿ."

ಎಡವಟ್ಟು ಇದ್ದದ್ದೇ ಅಲ್ಲಿ. ನಾನು ಅದನ್ನು ನೋಡಿರಲಿಲ್ಲ.

ಎರಡು ವರ್ಷದ ಹಿಂದೆ, ಕನ್ನಡಕದ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಆ ಡಿವಿಡಿಯ ಡಬ್ಬಿಯನ್ನು ಕೈಗಿಟ್ಟು, "ನೋಡಿ ಹೇಳು" ಎಂದಿದ್ದ. ನಾನೋ ದಪ್ಪ ಪುಸ್ತಕಗಳ ಓದುಗ. ಬಣ್ಣದ ಚಿತ್ರಗಳು ಓಡಾಡುವುದನ್ನು ನೋಡಲು ನನ್ನ ಘನತೆಗೆ ಪುರುಸೊತ್ತಿರಲಿಲ್ಲ. ವಾರ ಬಿಟ್ಟು ಅವನು ಕೇಳಿದಾಗ "ಅದ್ಭುತ" ಎಂದೆ.

"ಯಾವುದು ಹಿಡಿಸಿತು?"

"ರಾಕ್ಷಸನ ಜೊತೆ ಕಾದಾಟ." ಮಾಯಾಲೋಕದ ಕಥೆ ಎಂದ ಮೇಲೆ ಒಬ್ಬ ರಾಕ್ಷಸನಾದರೂ ಇರಲೇಬೇಕಲ್ಲ.

ಅವನು ಗಾಜು ಒರೆಸುತ್ತ ಕೇಳಿದ: "ಅವನ ಬಾಲ ಗಮನಿಸಿದೆಯೇನೋ?"

"ಗಮನಿಸದೆ ಇರ್ತೀನಾ? ಏಳು ಮಾರಾದರೂ ಇತ್ತು."

"ಇತ್ತು, ಇತ್ತು" ಎಂದು ತಲೆಯಾಡಿಸಿದ.

ಆಮೇಲೆ ಎರಡು ವರ್ಷ ಆ ರಾಕ್ಷಸನನ್ನು ನಾನೇ ಸಾಕಿದೆ. ಅವನಿಗೆ ಮೂರು ಹೊಟ್ಟೆ, ಕಿವಿಯಲ್ಲಿ ಹೊಗೆ, ತಾಯಿಯಿಲ್ಲದ ಬಾಲ್ಯ, ಎಲ್ಲ ಕೊಟ್ಟೆ. ಗೆಳೆಯ ಕೇಳುತ್ತಾ ಹೋದ. ಹೋದ ತಿಂಗಳು ಅವನೇ ಹೋಗಿಬಿಟ್ಟ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದವನು ಅಲ್ಲೇ ಕುಸಿದನಂತೆ.

ಅವನ ಹೆಂಡತಿ, ನನಗೆ ಅತ್ತಿಗೆ, ಫೋನ್ ಮಾಡಿದ್ದರು: "ಭಾನುವಾರ ಲೈಬ್ರರಿಯಲ್ಲಿ ಅವರ ನೆನಪಿಗೆ ಸೇರ್ತಾ ಇದ್ದೀವಿ. ಅವರ ಆ ಸಿನಿಮಾ ಬಗ್ಗೆ ನೀವೇ ನಾಲ್ಕು ಮಾತಾಡಬೇಕು. ನಿಮ್ಮಷ್ಟು ಚೆನ್ನಾಗಿ ಇನ್ಯಾರು ಹೇಳ್ತಾರೆ?"

ಬದುಕಿದ್ದವನಿಗೆ ಸುಳ್ಳು ಹೇಳಿದ್ದೆ. ಸತ್ತವನಿಗೂ ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಅದಕ್ಕೇ ಈ ಪ್ರತಿಜ್ಞೆ.

ಡಿವಿಡಿಯ ಡಬ್ಬಿ ತೆರೆದೆ. ಒಳಗೆ ಡಿಸ್ಕ್ ಇರಲಿಲ್ಲ. ಅಂಗಡಿಯ ಚೀಟಿಯೊಂದರ ಮೇಲೆ ಅವನ ಅಕ್ಷರ: "ಅಂತೂ ತೆರೆದೆಯಾ? ಡಿಸ್ಕ್ ನನ್ನ ಹತ್ತಿರವೇ ಇದೆ. ಬಾ, ಒಟ್ಟಿಗೆ ನೋಡೋಣ."

ಹೆಂಡತಿ ಬಗ್ಗಿ ಓದಿದಳು. ನಗಲು ಹೊರಟವಳು ನನ್ನ ಮುಖ ನೋಡಿ ಪರದೆ ಸರಿಸಿದಳು. "ಏಳಿ, ಚಪ್ಪಲಿ ಹಾಕ್ಕೊಳ್ಳಿ" ಎಂದಳು.

ಇಬ್ಬರೂ ಅವನ ಮನೆಗೆ ಹೋದೆವು. ಅತ್ತಿಗೆಯ ಮುಂದೆ ಖಾಲಿ ಡಬ್ಬಿ ಚಾಚಿದೆ. "ಎರಡು ವರ್ಷ ಬೇಕಾಯ್ತಾ?" ಎಂದರು. ಡಿಸ್ಕ್ ಅವನ ಪ್ಲೇಯರ್‌ನೊಳಗೇ ಇತ್ತು.

ಮೋಡಗಳನ್ನು ಒಗೆಯುವ ಲಾಂಡ್ರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯ ಕಥೆ ಅದು. ಕೊಳೆಯಾದ ಮೋಡಗಳು ಗಂಟುಗಟ್ಟಲೆ ಬರುತ್ತವೆ, ನೀರಿಗಿಳಿಯಲು ಹಟ ಮಾಡುತ್ತವೆ. ನಡುವೆ ಒಂದು ಕಡೆ ಆಕೆ ತನ್ನ ಒದ್ದೆ ಕಾಲುಚೀಲಗಳನ್ನು ತಂತಿಗೆ ಹಾಕಿ, ಮೆಟ್ಟಿಲ ಮೇಲೆ ಕೂತು, ಅವು ಒಣಗಲೆಂದು ಕಾಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ, ಏನೂ ಆಗುವುದಿಲ್ಲ. ಒಂದು ಹನಿ ಅವಳ ಕಾಲಿನ ಮೇಲೆ ಬೀಳುತ್ತದೆ. ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಳ್ಳುತ್ತಾಳೆ. ಆ ಒಂದು ಬೆರಳಿಗಾಗಿ ಯಾರೋ ಎಷ್ಟು ದಿನ ಕೂತು ಚಿತ್ರ ಬರೆದಿರಬೇಕು.

"ಈ ದೃಶ್ಯ ಬಂದಾಗಲೆಲ್ಲ ಅವರು ಕನ್ನಡಕ ತೆಗೆದು ಒರೆಸ್ತಿದ್ರು" ಎಂದರು ಅತ್ತಿಗೆ. ನಾವು ಮೂವರು ಕೂತಿದ್ದ ಸೋಫಾದಲ್ಲಿ ಇನ್ನೊಬ್ಬರಿಗೆ ಆಗುವಷ್ಟು ಜಾಗ ತಾನಾಗಿ ಉಳಿದಿತ್ತು. ನೋಟ್‌ಬುಕ್ ತೆರೆಯಲಿಲ್ಲ.

ಕೊನೆಯವರೆಗೂ ರಾಕ್ಷಸ ಬರಲೇ ಇಲ್ಲ.

ಭಾನುವಾರ ಬರಿಗೈಯಲ್ಲಿ ಎದ್ದು ನಿಂತೆ. "ಈ ಚಿತ್ರದಲ್ಲಿ ರಾಕ್ಷಸ ಇಲ್ಲ" ಎಂದು ಶುರು ಮಾಡಿದೆ.

ಸಭೆಗೆ ಸಭೆಯೇ ನಕ್ಕಿತು. ಅತ್ತಿಗೆಯೂ. ಆ ಮಹರಾಯ ತನ್ನ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಕನ್ನಡಕದ ಜೊತೆ ನನ್ನ ರಾಕ್ಷಸನನ್ನೂ ಕಟ್ಟಿಕೊಟ್ಟಿದ್ದ.

ಹಿಂದಿನ ಸಾಲಿನಿಂದ ದಪ್ಪ ಗಾಜಿನ ಕನ್ನಡಕದ ಅಜ್ಜಿಯೊಬ್ಬರು ಕೇಳಿದರು: "ಹಾಗಾದ್ರೆ ಆ ಏಳು ಮಾರಿನ ಬಾಲ ಯಾರದಪ್ಪಾ?"

"ನನ್ನದೇ ಅಜ್ಜಿ" ಎಂದೆ.