ಕಂಪನಿಯವರು ನನ್ನನ್ನು ಮಶೀನು ಅಂದರು

ಮನುಷ್ಯ ಅಂತ ತೋರಿಸಿಕೊಳ್ಳುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಆಧಾರ್ ಕಾರ್ಡ್ ಇದ್ದರೆ ಮುಗಿಯಿತು ಅಂದುಕೊಂಡಿದ್ದೆ. ನಾನು ಓದಿದ್ದು ಏಳನೆಯ ತನಕ. ಕೆಲಸ ಶಿಗ್ಗಾಂವಿಯ ಕಾಳಿನ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವುದು. ಸಂಜೆ ಮನೆಗೆ ಬಂದರೆ ಮೊಬೈಲಿನಲ್ಲಿ ಒಂದು ಆಟ ಆಡುತ್ತೇನೆ. ಅದರಲ್ಲಿ ನಾವೇ ಒಂದು ವೇಷ ತೊಟ್ಟು ಬೇರೆ ಲೋಕದಲ್ಲಿ ಬದುಕಬೇಕು. ಹಾನಗಲ್ಲಿನವರೂ ಆಡುತ್ತಾರೆ, ಜಪಾನಿನವರೂ ಆಡುತ್ತಾರೆ. ರಾಜನಾಗಬಹುದು, ಮಾಟಗಾರನಾಗಬಹುದು, ಹಾರುವ ಕುದುರೆ ಸಾಕಬಹುದು. ನಾನು ಎರಡು ವರ್ಷದಿಂದ ಕಟ್ಟಿಗೆ ಕಡಿಯುತ್ತಿದ್ದೇನೆ. ಬೇಸರ ಬರುವುದಿಲ್ಲವೇ ಅಂತ ನೀವು ಕೇಳಬಹುದು. ಚೀಲ ಹೊಲಿಯುವಾಗ ಯಾರೂ ಹಾಗೆ ಕೇಳಿಲ್ಲ.

ಹೋದ ತಿಂಗಳು ಆಟ ಮಾಡಿದ ಕಂಪನಿಯವರು ನನ್ನ ಖಾತೆಗೆ ಬೀಗ ಹಾಕಿ ಇಂಗ್ಲಿಷಿನಲ್ಲಿ ಪತ್ರ ಕಳಿಸಿದರು. ಬಿ.ಎ. ಮಾಡಿದ ಅಕ್ಕ ಓದಿ ಹೇಳಿದಳು. "ನೀ ಮನುಷ್ಯಾ ಅಲ್ಲಂತ. ಯಾವದೋ ಮಶೀನ್ ಹಚ್ಚಿ ಆಡಸಾಕತ್ತೀ ಅಂತ. ದಿನಾ ಒಂದ ಗಿಡದ ಮುಂದ ನಿಂತು ಒಂದ ಕೆಲಸ ಮಾಡಾಂವ ಮನುಷ್ಯಾ ಇರಾಕ ಸಾಧ್ಯ ಇಲ್ಲಂತ. ಏಳ ದಿನದಾಗ ಖಾತ್ರಿ ಮಾಡಲಿಲ್ಲಂದ್ರ ಎಲ್ಲಾ ಅಳಸ್ತಾರಂತ."

"ಅಂಗಡ್ಯಾಗ ಮತ್ತೇನ ಮಾಡತೇನಿ ನಾ?" ಅಂದೆ.

"ಅದನ್ನ ಅವರಿಗೆ ಬರಿ."

ಎರಡು ವರ್ಷದ ಕಟ್ಟಿಗೆ. ಊಟ ಸೇರಲಿಲ್ಲ. ಬೇಕಾದರೆ ಮಾತಾಡಿಸಿ ನೋಡಿ ಅಂತ ಅಕ್ಕನ ಕೈಯಿಂದ ನನ್ನ ನಂಬರು ಬರೆಸಿ ಕಳಿಸಿದೆ. ಆರನೆಯ ದಿನ ಸಂಜೆ ಕಂಪನಿಯಿಂದ ಕನ್ನಡ ಬಲ್ಲ ಮೇಡಂ ಒಬ್ಬರು ಫೋನ್ ಮಾಡಿದರು.

"ದಿನಾ ಸಂಜೆ ಏಳಕ್ಕೆ ಸರಿಯಾಗಿ ಹದಿನೈದು ನಿಮಿಷ ಆಟ ನಿಲ್ಲಿಸ್ತೀರಿ. ಮನುಷ್ಯರು ಇಷ್ಟು ಕರೆಕ್ಟಾಗಿ ನಿಲ್ಲಿಸಲ್ಲ. ಯಾಕೆ?"

ನಾನು ಬಾಯಿ ತೆರೆಯುವುದರೊಳಗೆ ಹಿತ್ತಲಿನಿಂದ ಅವ್ವನ ದನಿ ಬಂತು. "ಏ ಭಾಡ್ಯಾ, ಏಳ ಆತು. ಎಮ್ಮಿ ಒದರಾಕತ್ತೇತಿ. ಬಂದು ಎಮ್ಮಿ ಹಿಂಡತೀಯೋ, ನಾ ಬಂದು ನಿನ್ನ ಕಿವಿ ಹಿಂಡ್ಲೋ?"

ಆ ಕಡೆ ಮೇಡಂ ನಕ್ಕರು. "ಸಾಕು, ನೀವು ಮನುಷ್ಯರೇ. ಬೀಗ ತೆಗೀತೀನಿ."

ಬೆನ್ನಿನ ಮೇಲಿಂದ ಕ್ವಿಂಟಲ್ ಚೀಲ ಇಳಿಸಿದಂತಾಯಿತು. ಫೋನ್ ಇಡುವ ಮೊದಲು ಅವರು ಇನ್ನೊಂದು ಕೇಳಿದರು. "ಆ ಮರದ ಹತ್ತಿರ ಒಬ್ಬ ಮುದುಕ ನಿಂತಿದ್ದಾನಲ್ಲ, ಅವನು ಕೇಳೋದು ಹತ್ತೇ ಕಟ್ಟಿಗೆ. ಕೊಟ್ಟರೆ ಊರಬಾಗಿಲು ತೆಗೀತಾನೆ. ಆಟ ಶುರುವಾಗೋದೇ ಅಲ್ಲಿಂದ. ಎರಡು ವರ್ಷ ಯಾಕೆ ಕೊಡಲಿಲ್ಲ?"

"ಅಂವ ಇಂಗ್ಲಿಷಿನ್ಯಾಗ ಮಾತಾಡ್ತಾನ್ರಿ ಮೇಡಮ್ಮಾರ. ಬೈಯಾಕತ್ತಾನ ಅಂತ ತಿಳ್ಕೊಂಡು ನಾ ಇನ್ನೂ ಜೋರ ಕಡದೆ."

ಎಮ್ಮೆ ಹಿಂಡಿ ಬಂದು ಮುದುಕನಿಗೆ ಹತ್ತು ಕಟ್ಟಿಗೆ ಕೊಟ್ಟೆ. ಬಾಗಿಲು ತೆರೆಯಿತು. ಹೊರಗೆ ನದಿ, ಗುಡ್ಡ, ಕೋಟೆ, ಏನೇನೋ ಇತ್ತು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಒಂದು ತೋಳ ಬಂದು ನನ್ನನ್ನು ತಿಂದುಹಾಕಿತು. ಮತ್ತೆ ಜೀವ ಬಂದಾಗ ಅದೇ ಗಿಡದ ಬುಡದಲ್ಲಿ ನಿಂತಿದ್ದೆ. ಬಾಗಿಲು ತೆರೆದೇ ಇತ್ತು. ಅದಕ್ಕೆ ಬೆನ್ನು ಮಾಡಿ ಕೊಡಲಿ ಎತ್ತಿದೆ. ಹಾಯೆನಿಸಿತು. ಮುದುಕ ಏನೋ ಅಂದ. ಈ ಸಲ ಮಾತ್ರ ಬೈದದ್ದೇ ಇರಬೇಕು.