ಜಗಳಾಡಿದ ಮೀನಿಗೆ ಬಿಡುಗಡೆ

ನಾನು ಮೀನು ಹಿಡಿಯುವವನಲ್ಲ, ಮೀನು ಹಿಡಿಯುವವಳ ಪಕ್ಕದಲ್ಲಿ ಛತ್ರಿ ಹಿಡಿಯುವವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ರಾಣೆಬೆನ್ನೂರಿನಲ್ಲಿ ನನ್ನ ಬೀಜದ ಅಂಗಡಿಗೆ ಬರುವ ರೈತರು ರವಿವಾರ ನಮ್ಮ ಸ್ಕೂಟರಿನ ಮೇಲೆ ಬಿದಿರುಕೋಲು ಕಂಡು, "ಏನ್ರಿ ಸಾವ್ಕಾರ್ರ, ಗಾಳ ಹಾಕಾಕ ಹೊಂಟೀರೇನು?" ಎಂದು ಕೇಳುತ್ತಾರೆ. ನಾನು ಹೂಂ ಎಂದು ಎದೆಯುಬ್ಬಿಸುತ್ತೇನೆ. ಹಿಂದೆ ಕೂತ ನನ್ನ ಹೆಂಡತಿ ಗಿರಿಜಾ ಏನೂ ಹೇಳುವುದಿಲ್ಲ. ಅವಳ ದೊಡ್ಡ ಗುಣ ಅದು. ಮೇಡ್ಲೇರಿಯ ಹೊಳೆದಂಡೆ ಮುಟ್ಟಿದ ಮೇಲೆ ಕೋಲು ಅವಳ ಕೈಗೆ, ಛತ್ರಿ ನನ್ನ ಕೈಗೆ. ಎರೆಹುಳದ ಡಬ್ಬಿಯನ್ನೂ ನಾನೇ ಹೊರುತ್ತೇನೆ. ಅದರ ಮುಚ್ಚಳ ತೆಗೆಯುವ ಧೈರ್ಯ ಮಾತ್ರ ಅವಳದು.

ಮೇಡ್ಲೇರಿ ಅವಳ ತವರು. ನನ್ನ ಮಾವ ಹರೆಯದಲ್ಲಿ ಪೈಲ್ವಾನರು. ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಊರೂರಿನ ಕುಸ್ತಿ ತೋರಿಸಿದವರು, ಕುಸ್ತಿ ಇಲ್ಲದ ದಿನ ಹೊಳೆಗೆ ಕರೆದೊಯ್ದು ಗಾಳ ಹಾಕುವುದನ್ನು ಕಲಿಸಿದವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಗಿರಿಜಾ ಹೊಳೆಯ ಮುಂದೆ ಕೂತರೆ ಬೇರೆಯೇ ವ್ಯಕ್ತಿ. ನೀರಿನ ಮೇಲಿನ ಬೆಂಡು ಚೂರು ನಡುಗಿದರೆ ಸಾಕು, ನಾನು "ಎಳಿ, ಎಳಿ" ಎಂದು ಒದರುತ್ತೇನೆ. ಅವಳು ಎಳೆಯುವುದಿಲ್ಲ. ಮೀನು ಪೂರಾ ಮನಸ್ಸು ಮಾಡುವವರೆಗೆ ಸುಮ್ಮನಿರುತ್ತಾಳೆ. ಆಮೇಲೆ ಮಣಿಕಟ್ಟನ್ನು ಒಂದೇ ಒಂದು ಸಲ ತಿರುವುತ್ತಾಳೆ, ನೋಡಿ, ಆಹಾ! ಇಷ್ಟು ವರ್ಷ ನೋಡಿದರೂ ನನಗೆ ಆ ತಿರುವು ನೋಡಿ ಸಾಕಾಗಿಲ್ಲ.

ಕಷ್ಟ ಇರುವುದು ಮುಂದೆ. ಹಿಡಿದ ಮೀನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದಕ್ಕೆ ಅವಳದೊಂದು ಕಾನೂನಿದೆ. ಎಳೆದಾಗ ಸುಮ್ಮನೆ ಬಂದ ಮೀನು ಬುಟ್ಟಿಗೆ. ಜಗಳಾಡಿ, ಕೊಸರಾಡಿ, ಅವಳ ಕೈ ಸೋಲಿಸಿ ಬಂದ ಮೀನು ವಾಪಸ್ ಹೊಳೆಗೆ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ, "ಛಲೋ ಕುಸ್ತಿ ಹಿಡದಿ, ಹೋಗು" ಎಂದು ಕಳಿಸಿಬಿಡುತ್ತಾಳೆ. ದೊಡ್ಡ ಮೀನೇ ಜಗಳಾಡುವುದು ಎಂದು ಬೇರೆ ಹೇಳಬೇಕೇ? ಹೀಗಾಗಿ ತುಂಗಭದ್ರೆಯ ವೀರರೆಲ್ಲ ತುಂಗಭದ್ರೆಯಲ್ಲೇ ಉಳಿದು, ನನ್ನ ತಾಟಿಗೆ ಬರುವುದು ಅಂಗೈಯಗಲದ ಅಂಜುಬುರುಕ ಜಿಲೇಬಿ ಮೀನು. ಅವೂ ರುಚಿಯಾಗಿರುತ್ತವೆ, ಸುಳ್ಳು ಹೇಳಬಾರದು. ಆದರೂ ಒಮ್ಮೆ ಕೇಳಿದ್ದೆ, "ಜಗಳಾಡಿದ್ದನ್ನ ತಿನ್ನೂದ ನ್ಯಾಯ ಅಲ್ಲೇನ? ಪಾಪ, ಸುಮ್ಮನ ಬಂದದ್ದೇನ್ ತಪ್ಪ ಮಾಡೇತಿ?" ಎಂದು. ಅವಳು ಬೆಂಡಿನ ಮೇಲಿನ ಕಣ್ಣು ತೆಗೆಯದೆ, "ಕುಸ್ತಿಯೊಳಗ ಸೋತ ಪೈಲ್ವಾನಗ ಬೆನ್ನ ತಟ್ಟಿ ಕಳಸ್ತಾರ್ರಿ. ಹುರದ ತಿಂತಾರೇನು?" ಎಂದಳು. ನಾನು ಛತ್ರಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದೆ.

ಇದೆಲ್ಲ ಗಂಡ-ಹೆಂಡಿರ ನಡುವೆ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದವನು ನನ್ನ ಅಣ್ಣ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅವನು. ಇಡೀ ಪೇಟೆಯ ಗದ್ದಲದ ಮೇಲೆ ಕೇಳಿಸುವ ದನಿ. ಆ ದನಿಗೆ ಚಿಕ್ಕಂದಿನಿಂದಲೂ ಅತಿ ಪ್ರಿಯವಾದ ವಿಷಯ ನಾನು. ನನಗೆ ಕನ್ಯೆ ನೋಡಲು ಮೇಡ್ಲೇರಿಗೆ ಹೋದಾಗ ಮಾತೆಲ್ಲ ಅವನದೇ. ಯಾರು ಏನು ಕೇಳಿದರೂ ನಾನು "ಆತ್ರಿ" ಎಂದು ಒಪ್ಪಿಕೊಂಡುಬಿಡುತ್ತಿದ್ದೆ. ಹೆಸರು ಕೇಳಿದಾಗಲೂ ಮೊದಲು "ಆತ್ರಿ" ಎಂದು, ಆಮೇಲೆ ಹೆಸರು ಹೇಳಿದೆನಂತೆ. ಇದನ್ನು ಅಣ್ಣ ಪ್ರತಿ ಮದುವೆಮನೆಯ ಪಂಕ್ತಿಯಲ್ಲೂ ಹೇಳುತ್ತಾನೆ. ಈಚೆಗೆ ಹಾವೇರಿಯಲ್ಲಿ ನೆಂಟರ ಮದುವೆಯಲ್ಲಿ ಅದನ್ನು ಹೇಳಿ ಮುಗಿಸಿ, "ತಮ್ಮಾ, ಮೀನ ಹೊಳಿಯೊಳಗ ಹಿಡಿತೀರೋ, ಸಂತ್ಯಾಗ ಹಿಡಿತೀರೋ? ಒಂದ ದಿನಾನೂ ದೊಡ್ಡದ ಕಂಡಿಲ್ಲಲ್ಲಪಾ!" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನನಗೆ ಎಲ್ಲಿತ್ತೋ ಸಿಟ್ಟು! "ಬರೂ ರವಿವಾರ ಬಾ. ಮೊಳದುದ್ದದ ಮೀನ ನಿನ್ನ ತಾಟಿಗೆ ಹಾಕಲಿಲ್ಲಂದ್ರ ನನಗ ತಮ್ಮ ಅನ್ನಬ್ಯಾಡ" ಎಂದುಬಿಟ್ಟೆ.

ಅವನು ಬಂದೇ ಬಂದ, ಚೀಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಸಮೇತ. ಗಿರಿಜಾ ಬೆಳಿಗ್ಗೆಯೇ ಮೊಳದುದ್ದದ ಮೀನಿಗೆ ಆಗುವಷ್ಟು ಕೆಂಪು ಮಸಾಲೆ ರುಬ್ಬಿಟ್ಟಳು. ಮೂವರೂ ಹೊಳೆದಂಡೆಯಲ್ಲಿ ಕೂತೆವು. ಹೊತ್ತು ಏರುವವರೆಗೆ ಬಂದದ್ದು ಎರಡು ಜಿಲೇಬಿ. ಎರಡೂ ಕರೆದ ಕೂಡಲೇ ಬಂದಂತೆ ಬಂದವು. ಅಣ್ಣ ಬುಟ್ಟಿಗೆ ಇಣುಕಿ, "ಇದು ಬೆಕ್ಕಿಗೂ ಸಾಲೂದಿಲ್ಲ, ತಂಗೀ" ಎಂದ. ಮುಂದಿನ ಮದುವೆಯ ಪಂಕ್ತಿ ನನ್ನ ಕಣ್ಣಮುಂದೆ ಬಂತು.

ಆಗ ಬೆಂಡು ಮುಳುಗಿತು. ಸುಳಿವೇ ಇಲ್ಲದಂತೆ ಮುಳುಗಿತು. ಗಿರಿಜಾಳ ಕೈ ತಿರುಗಿತು, ಕೋಲು ಬಿಲ್ಲಿನಂತೆ ಬಾಗಿತು. ಅದು ಎಡಕ್ಕೆ ಎಳೆದರೆ ಇವಳು ಸಡಿಲ ಬಿಟ್ಟಳು, ತಿರುಗಿದರೆ ಬಿಗಿ ಹಿಡಿದಳು. ಸೀರೆ ಮೇಲೆ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಹಲ್ಲು ಕಚ್ಚಿ ನಿಂತಳು. ಇವಳು ನನ್ನ ಹೆಂಡತಿ ಎಂದು ಹೊಳೆಯ ಆಚೆ ದಂಡೆಗೂ ಕೇಳುವಂತೆ ಕೂಗಬೇಕೆನಿಸಿತು. ಅಣ್ಣನ ದನಿ ಅಡಗಿದ್ದನ್ನು ಹುಟ್ಟಿದಾಗಿನಿಂದ ಅಂದೇ ಮೊದಲು ಕಂಡೆ. ಕೊನೆಗೆ ಕೈಬಲೆಯೊಳಗೆ ಬಂದದ್ದು ಗೆಂಡೆ ಮೀನು, ಮೊಳಕ್ಕಿಂತ ಹೆಚ್ಚೇ. ಬಿಸಿಲಿಗೆ ಒಂದೊಂದು ಹುರುಪೆಯೂ ಹೊಳೆಯುತ್ತಿತ್ತು.

ಅವಳು ಕೈ ಒದ್ದೆ ಮಾಡಿಕೊಂಡದ್ದು ಕಂಡಿತು. ನಾನು ಛತ್ರಿ ಬಿಸಾಕಿ, ಚಪ್ಪಲಿ ಸಮೇತ ನೀರಿಗೆ ಹಾರಿ, ಬಲೆಯನ್ನು ನೀರಿನೊಳಗೇ ಎರಡೂ ಕೈಯಿಂದ ಅವುಚಿಕೊಂಡೆ.

"ಇದನ್ನ ಕೊಡೂದಿಲ್ಲ! ಏನ ಆಗ್ಲಿ, ಕೊಡೂದಿಲ್ಲ!"

"ರೀ, ಅದೆಷ್ಟ ಛಲೋ ಜಗಳಾಡೇತಿ, ನೋಡೀರಿಲ್ಲ?"

"ನೋಡೇನಿ. ಅದಕ್ಕ ನನಗದು ಬೇಕು. ಅಣ್ಣನ ಮುಂದ ನನ್ನ ಮರ್ಯಾದಿ ಪ್ರಶ್ನೆ ಐತಿ. ಜಗಳಾಡಿದ್ದನ್ನ ಬಿಡೂದು, ಸುಮ್ಮನ ಬಂದದ್ದನ್ನ ಕೊಯ್ಯೂದು, ಇದೆಂಥಾ ಕಾನೂನು? ಇಷ್ಟೆಲ್ಲಾ ಕಾನೂನ ಮಾಡಾಕಿ ನನ್ನ ಯಾಕ ಇಟ್ಕೊಂಡಿ ಹಂಗಾರ?"

ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ನೋಡಾಕ ಬಂದ ದಿನ ಒಮ್ಮೆರ ಕೊಸರೀರೇನು? ಏನ್ ಕೇಳಿದ್ರೂ ಆತ್ರಿ, ಆತ್ರಿ. ಸುಮ್ಮನ ಬಂದ ಬುಟ್ಟಿಗೆ ಬಿದ್ರಿ. ಇಟ್ಕೊಂಡೆ." ಎಂದವಳು ಕಣ್ಣಲ್ಲೇ ನಗುತ್ತ, "ಇವತ್ತ ಮಾತ್ರ ಛಲೋ ಕೊಸರಾಕತ್ತೀರಿ ನೋಡ್ರಿ" ಎಂದಳು.

ದಂಡೆಯ ಮೇಲೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಾನು ಕೈಯೊಳಗಿನ ಮೀನನ್ನು ನೋಡಿದೆ, ಹೆಂಡತಿಯನ್ನು ನೋಡಿದೆ. ಆಮೇಲೆ ನಾನೇ ಬಲೆಯನ್ನು ಬಾಗಿಸಿದೆ. ಗೆಂಡೆ ನನ್ನ ಅಂಗೈಗಳ ನಡುವೆ ಒಂದು ಗಳಿಗೆ ಸುಧಾರಿಸಿಕೊಂಡು, ಬಾಲದಿಂದ ಮುಖಕ್ಕೆ ನೀರೆರಚಿ ಹೋಯಿತು. ಮರ್ಯಾದೆ ಅದರ ಹಿಂದೆಯೇ ಹೋಯಿತು. ಆದರೆ ಯಾಕೋ ಖುಷಿಯಾಯಿತು, ಖರೇ ಹೇಳುತ್ತೇನೆ.

ಮಧ್ಯಾಹ್ನ ಮೀನಿನ ಮಸಾಲೆಗೆ ಬದನೆಕಾಯಿ ಬಿತ್ತು. ಆ ಎರಡು ಜಿಲೇಬಿ ಅದರೊಳಗೆ ಎಲ್ಲಿದ್ದವೋ ಹುಡುಕಬೇಕಿತ್ತು. ಅಣ್ಣ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು, ಬೆರಳು ನೆಕ್ಕಿ, "ತಂಗೀ, ಅಂಥಾ ಮೀನೂ ಕಂಡಿದ್ದಿಲ್ಲ, ಅಂಥಾ ಕೈಯೂ ಕಂಡಿದ್ದಿಲ್ಲ" ಎಂದ. ಈಗ ಬ್ಯಾಡಗಿ ಪೇಟೆಯಲ್ಲಿ ಅವನು ಹೇಳುವ ಕಥೆಯೇ ಬೇರೆ. ಬಿಟ್ಟ ಮೀನು ಅವನ ಬಾಯಲ್ಲಿ ಬೆಳೆಯುತ್ತ ಬೆಳೆಯುತ್ತ ಆಳೆತ್ತರಕ್ಕೆ ಬಂದಿದೆ. ನನ್ನ ಪಾಲಿನ ಕಥೆಯನ್ನೂ ಅವನು ಬಿಟ್ಟಿಲ್ಲವೆನ್ನಿ.

ಇದಾದ ಮೇಲೂ ಮನೆಯಲ್ಲಿ ಯಾವುದಾದರೂ ಮಾತಿಗೆ ಗಟ್ಟಿಯಾಗಿ ಜಗಳ ತೆಗೆಯಬೇಕು ಎಂದು ನನಗೆ ಆಗಾಗ ಅನಿಸುವುದುಂಟು. ಗಂಟಲಿನವರೆಗೂ ಬರುತ್ತದೆ. ಅಷ್ಟರಲ್ಲಿ ಗಿರಿಜಾ ಅಡಿಗೆಮನೆಯಲ್ಲಿ ನಲ್ಲಿ ತಿರುವಿ ಕೈ ಒದ್ದೆ ಮಾಡಿಕೊಳ್ಳುವ ಸದ್ದು ಕೇಳುತ್ತದೆ. "ಆತ್ರಿ" ಎಂದು ತಾಟಿನ ಮುಂದೆ ಕೂರುತ್ತೇನೆ. ನನಗೆ ಈಜು ಬರುವುದಿಲ್ಲ.